ತೂಕ ಇಳಿಸುವ ಗುಂಪು ಬೇರೆ, ತಿನ್ನುವ ಚಟ ಬಿಡಿಸುವ ಗುಂಪು ಬೇರೆ

ಅಮೆರಿಕದ ವೇಟ್ ವಾಚರ್ಸ್ ಕಂಪನಿ 2025ರ ಮೇ ತಿಂಗಳಲ್ಲಿ ದಿವಾಳಿ ಕಾಯ್ದೆಯ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ನೂರಾರು ಕೋಟಿ ಡಾಲರ್‌ಗಳ ಸಾಲದಲ್ಲಿ 115 ಕೋಟಿ ಡಾಲರ್‌ನಷ್ಟನ್ನು ಕಳಚಿಕೊಳ್ಳುವುದು ಅದರ ಉದ್ದೇಶವಾಗಿತ್ತು. ಮೈ ಬಂದವರನ್ನು ವಾರಕ್ಕೊಮ್ಮೆ ಒಂದೆಡೆ ಸೇರಿಸಿ, ತೂಕ ನೋಡಿ, ಮಾತಾಡಿಸಿ ಕಳುಹಿಸುವುದನ್ನೇ ಆರು ದಶಕ ನಡೆಸಿಕೊಂಡು ಬಂದ ಸಂಸ್ಥೆಯಿದು. ಫೋನಿನಲ್ಲಿ ಪುಕ್ಕಟೆ ಆ್ಯಪ್‌ಗಳು ಬಂದವು, ಕೋವಿಡ್ ಬಂತು, ಆಮೇಲೆ ಹಸಿವು ತಗ್ಗಿಸುವ ಚುಚ್ಚುಮದ್ದುಗಳು ಬಂದವು. ಸಭೆಗೆ ಬರುವವರು ಕಡಿಮೆಯಾದರು. ಅದೇ ವರ್ಷ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಎಂಬ ಇಂಥ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೂ ಇಳಿದವು. ಸಕ್ಕರೆ ಕಾಯಿಲೆಯ ಡಾಕ್ಟರ ಹತ್ತಿರ ಹೋದವರು ಈಗ ಡಯಟ್ ಚಾರ್ಟ್‌ಗಿಂತ ಮೊದಲು ಆ ಇಂಜೆಕ್ಷನ್ ಬಗ್ಗೆಯೇ ವಿಚಾರಿಸುತ್ತಾರೆ.

ವಾರಕ್ಕೊಂದು ಇಂಜೆಕ್ಷನ್ ಸಾಕಾದರೆ ವಾರಕ್ಕೊಂದು ಸಭೆ ಯಾಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಅದಕ್ಕೆ ಉತ್ತರ ಹೇಳುವ ಮೊದಲು ಒಂದು ಗೊಂದಲ ಬಗೆಹರಿಯಬೇಕು. ಗುಂಪಿನ ಬೆಂಬಲ ಎಂದು ನಾವು ಒಂದೇ ಹೆಸರಿನಿಂದ ಕರೆಯುವಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ತೂಕ ಇಳಿಸಬೇಕೆಂದು ಸೇರುವ ಗುಂಪು ಒಂದು. ತಿನ್ನಲು ಶುರುಮಾಡಿದರೆ ನಿಲ್ಲಿಸಲಾರದವರು ಆ ಹಿಡಿತದಿಂದ ಬಿಡಿಸಿಕೊಳ್ಳಲು ಸೇರುವ ಗುಂಪು ಇನ್ನೊಂದು. ಎರಡನೆಯದು ಬೇಕಾದವರು ಮೊದಲನೆಯದಕ್ಕೆ ಸೇರಿ ಸೋತಾಗ, ತಪ್ಪೆಲ್ಲ ಅವರ ಮನೋಬಲದ ಮೇಲೆ ಬೀಳುತ್ತದೆ. ಇದು ಅನ್ಯಾಯ. ಈ ಅನ್ಯಾಯ ನಮ್ಮ ಊರುಗಳಲ್ಲೂ ದಿನವೂ ನಡೆಯುತ್ತಿದೆ.

ಇಬ್ಬರು ಗೃಹಿಣಿಯರು

ಎರಡೂ ಬಗೆಯ ಗುಂಪುಗಳು ಅಮೆರಿಕದಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿದವು.

ಜೀನ್ ನೈಡಿಚ್ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿದ್ದ ಗೃಹಿಣಿ. 1961ರಲ್ಲಿ ಅವರ ತೂಕ 214 ಪೌಂಡ್, ಅಂದರೆ ಸುಮಾರು 97 ಕಿಲೊ. ಅಂಗಡಿಯಲ್ಲಿ ಸಿಕ್ಕ ಪರಿಚಯದ ಹೆಂಗಸೊಬ್ಬರು ಹೆರಿಗೆ ಯಾವಾಗ ಎಂದು ಕೇಳಿದ್ದೇ ತಮ್ಮನ್ನು ಎಬ್ಬಿಸಿತು ಎಂದು ಅವರು ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. ನಗರದ ಆರೋಗ್ಯ ಮಂಡಳಿ ನಡೆಸುತ್ತಿದ್ದ ಬೊಜ್ಜಿನ ಕ್ಲಿನಿಕ್‌ಗೆ ಹೋದರು. ಅಲ್ಲಿ ಕೊಟ್ಟ ಆಹಾರಕ್ರಮದಿಂದ ತೂಕ ಇಳಿಯತೊಡಗಿತು. ಆದರೆ ಮನೆಯಲ್ಲಿ ಅವರು ಬಿಸ್ಕತ್ತು ಬಚ್ಚಿಟ್ಟು ತಿನ್ನುತ್ತಲೇ ಇದ್ದರು. ಕ್ಲಿನಿಕ್‌ನವರ ಮುಂದೆ ಅದನ್ನು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಕೊನೆಗೆ ಆರು ಜನ ಗೆಳತಿಯರನ್ನು ಮನೆಗೆ ಕರೆದು ಅವರ ಮುಂದೆ ಹೇಳಿಬಿಟ್ಟರು. ಆಗ ಗೆಳತಿಯರೂ ತಾವು ಎಲ್ಲಿ ಬಚ್ಚಿಟ್ಟು ಏನು ತಿನ್ನುತ್ತೇವೆಂದು ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಮುಂದಿನ ವಾರವೂ ಸೇರಿದರು, ಅದರ ಮುಂದಿನ ವಾರ ಇನ್ನಷ್ಟು ಜನ ಬಂದರು. ಮರುವರ್ಷ ಅಕ್ಟೋಬರ್ ಹೊತ್ತಿಗೆ ಜೀನ್ 142 ಪೌಂಡ್‌ಗೆ ಬಂದಿದ್ದರು. 1963ರಲ್ಲಿ ಇದು ವೇಟ್ ವಾಚರ್ಸ್ ಎಂಬ ಕಂಪನಿಯಾಯಿತು. 1978ರಲ್ಲಿ ಹೈಂಜ್ ಕಂಪನಿ ಅದನ್ನು ಕೊಂಡಿತು. ಜೀನ್ 2015ರಲ್ಲಿ, ತಮ್ಮ 91ನೆಯ ವಯಸ್ಸಿನಲ್ಲಿ ತೀರಿಕೊಂಡರು.

ರೊಝಾನ್ ಎಸ್. ಎಂದಷ್ಟೇ ಹೆಸರು ಹೇಳಿಕೊಳ್ಳುತ್ತಿದ್ದ ಇನ್ನೊಬ್ಬ ಗೃಹಿಣಿ ಲಾಸ್ ಏಂಜಲೀಸ್‌ನವರು. 1958ರಲ್ಲಿ ಅವರು ಪರಿಚಿತರೊಬ್ಬರನ್ನು ಜೂಜಿನ ಚಟ ಬಿಡುವವರ ಸಭೆಗೆ ಕರೆದುಕೊಂಡು ಹೋಗಿದ್ದರು. ಜೂಜುಕೋರರು ತಮ್ಮ ಸುಳ್ಳು, ನಾಚಿಕೆ, ನಾಳೆಯಿಂದ ಬಿಟ್ಟೇಬಿಡುತ್ತೇನೆಂಬ ಆಣೆಗಳ ಬಗ್ಗೆ ಮಾತಾಡುವುದನ್ನು ಕೇಳುತ್ತ ಕೂತವರಿಗೆ, ತಿಂಡಿಯ ವಿಷಯದಲ್ಲಿ ತಮ್ಮ ಸ್ಥಿತಿಯೂ ಇದೇ ಅನ್ನಿಸಿತು. 1960ರ ಜನವರಿಯಲ್ಲಿ ಮೂವರು ಹೆಂಗಸರು ಸೇರಿ ಓವರ್‌ಈಟರ್ಸ್ ಅನಾನಿಮಸ್ ಶುರುಮಾಡಿದರು. 1935ರಲ್ಲಿ ಒಹಾಯೊದ ಆಕ್ರನ್‌ನಲ್ಲಿ ಕುಡಿತ ಬಿಡುವವರಿಗಾಗಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ, ಚಟ ಬಿಡಲು ಒಂದೊಂದಾಗಿ ಇಡಬೇಕಾದ 12 ಹೆಜ್ಜೆಗಳನ್ನೇ ಇವರು ಊಟಕ್ಕೆ ಹೊಂದಿಸಿಕೊಂಡರು. ಇಲ್ಲಿ ಶುಲ್ಕವಿಲ್ಲ, ತೂಕದ ಯಂತ್ರವಿಲ್ಲ, ಎಲ್ಲರೂ ಪಾಲಿಸಲೇಬೇಕಾದ ಆಹಾರಪಟ್ಟಿಯಿಲ್ಲ. ಹೊಸಬರಿಗೆ ಹಳಬರೊಬ್ಬರು ಜೊತೆ ನಿಲ್ಲುತ್ತಾರೆ, ಅವರನ್ನು ಸ್ಪಾನ್ಸರ್ ಎನ್ನುತ್ತಾರೆ. ಕೈ ತಡೆಯದಾದಾಗ ಅವರಿಗೆ ಫೋನ್ ಮಾಡಬಹುದು. ಸಭೆಯಲ್ಲಿ ಕೇಳಿದ್ದು ಸಭೆಯಲ್ಲೇ ಉಳಿಯಬೇಕು.

ಎರಡೂ ಗುಂಪುಗಳು ಹುಟ್ಟಿದ್ದು ಬಚ್ಚಿಟ್ಟದ್ದನ್ನು ಬಾಯಿಬಿಟ್ಟು ಹೇಳಿದ್ದರಿಂದ. ಆಮೇಲೆ ದಾರಿ ಬೇರೆಯಾಯಿತು. ನೈಡಿಚ್ ಕಟ್ಟಿದ್ದರ ನಡುವೆ ತೂಕದ ಯಂತ್ರ ಬಂದು ನಿಂತಿತು. ಅದನ್ನು ತಪ್ಪೆನ್ನಲಾರೆ, ತೂಕ ಇಳಿಸಲು ಬಂದವರಿಗೆ ತೂಕ ಗೊತ್ತಾಗಲೇಬೇಕು. ರೊಝಾನ್ ಕಟ್ಟಿದ್ದರ ನಡುವೆ ಉಳಿದದ್ದು ಆ ಮಾತು ಮಾತ್ರ.

ಇದು ಚಟವೇ?

ತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ. ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿಯ ಐದನೆಯ ಆವೃತ್ತಿ 2013ರಲ್ಲಿ ಬಂತು. ಆಹಾರದ ಚಟ ಅದರಲ್ಲಿ ಒಂದು ಕಾಯಿಲೆಯಾಗಿ ಸೇರಿಲ್ಲ, ಆದರೆ ಬಿಂಜ್ ಈಟಿಂಗ್ ಡಿಸಾರ್ಡರ್ ಸೇರಿದೆ. ಹಸಿವಿಲ್ಲದಿದ್ದರೂ ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆ ನೋಯುವಷ್ಟು ತಿನ್ನುವುದು, ನಿಲ್ಲಿಸಲು ಆಗುತ್ತಿಲ್ಲ ಎಂದು ಗೊತ್ತಿದ್ದೂ ತಿನ್ನುವುದು, ನಾಚಿಕೆಯಿಂದ ಒಬ್ಬರೇ ಕೂತು ತಿನ್ನುವುದು, ಆಮೇಲೆ ತಮ್ಮ ಮೇಲೆ ತಾವೇ ಹೇಸಿಕೊಳ್ಳುವುದು ಇದರ ಲಕ್ಷಣಗಳು. ವಾರಕ್ಕೆ ಒಮ್ಮೆಯಾದರೂ ಹೀಗೆ ಮೂರು ತಿಂಗಳು ನಡೆದರೆ ಅದು ಕಾಯಿಲೆ.

2009ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಆಶ್ಲಿ ಗೇರ್‌ಹಾರ್ಟ್ ಮತ್ತು ಸಂಗಡಿಗರು ಒಂದು ಪ್ರಶ್ನಾವಳಿ ರೂಪಿಸಿದರು. ಕುಡಿತ, ಡ್ರಗ್ಸ್ ಚಟವನ್ನು ಗುರುತಿಸಲು ಬಳಸುವ ಅಳತೆಗೋಲುಗಳನ್ನೇ ಅವರು ತಿನ್ನುವುದಕ್ಕೆ ಹಚ್ಚಿದ್ದರು. ಬಿಡಬೇಕೆಂದು ಮತ್ತೆ ಮತ್ತೆ ಪ್ರಯತ್ನಿಸಿ ಸೋಲುವುದು, ಕೇಡಾಗುತ್ತಿದೆಯೆಂದು ತಿಳಿದೂ ಮುಂದುವರಿಸುವುದು, ಬರಬರುತ್ತ ಹೆಚ್ಚು ಬೇಕಾಗುವುದು ಇತ್ಯಾದಿ. ಆ ಪ್ರಶ್ನಾವಳಿ ಬಳಸಿದ, 36 ದೇಶಗಳ 281 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ವಯಸ್ಕರಲ್ಲಿ ನೂರಕ್ಕೆ 14 ಜನ, ಮಕ್ಕಳಲ್ಲಿ ನೂರಕ್ಕೆ 12 ಮಂದಿ ಈ ಅಳತೆಗೆ ಸಿಗುತ್ತಾರೆಂದು 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲೇಖನ ಹೇಳಿತು. ಇವರೆಲ್ಲರೂ ದಪ್ಪ ಇರುವವರಲ್ಲ. ದಪ್ಪ ಇರುವವರಲ್ಲಿ ಹೆಚ್ಚಿನವರಿಗೆ ಈ ಚಟವೂ ಇಲ್ಲ. ಇದನ್ನು ನೆನಪಿಟ್ಟುಕೊಂಡರೆ ಈ ಚರ್ಚೆಯ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ.

ಯಾವ ತಿಂಡಿ ಹೀಗೆ ಹಿಡಿಯುತ್ತದೆ? ಅನ್ನ-ಸೊಪ್ಪಿನ ಸಾರಿನ ಮೇಲೆ, ಸೌತೆಕಾಯಿಯ ಮೇಲೆ ಹಿಡಿತ ತಪ್ಪಿತೆಂದು ಹೇಳುವವರು ಅಪರೂಪ. ಅಮೆರಿಕದವರನ್ನು ಕೇಳಿದರೆ ಪಿಜ್ಜಾ, ಚಾಕೊಲೇಟ್, ಚಿಪ್ಸ್ ಮೊದಲ ಸಾಲಿನಲ್ಲಿ ಬರುತ್ತವೆ. ನುಣ್ಣಗೆ ಬೀಸಿದ ಹಿಟ್ಟು ಅಥವಾ ಸಕ್ಕರೆ ಜಿಡ್ಡಿನೊಂದಿಗೆ ಬೆರೆತಿರುವುದು ಅವುಗಳ ಸಾಮಾನ್ಯ ಗುಣ. ಪ್ರಕೃತಿಯಲ್ಲಿ ಈ ಜೋಡಿ ಒಟ್ಟಿಗೆ ಸಿಗುವುದು ತೀರ ಕಡಿಮೆ. ನಮ್ಮಲ್ಲಿ ಇದಕ್ಕೆ ಪ್ಯಾಕೆಟ್ಟೇ ಬೇಕೆಂದಿಲ್ಲ. ಅಯ್ಯಂಗಾರ್ ಬೇಕರಿಯ ಬೆಣ್ಣೆ ಬಿಸ್ಕತ್ತು, ದಿಲ್ ಪಸಂದ್, ಖಾರಾ ಬೂಂದಿ, ಮೈಸೂರುಪಾಕು ಎಲ್ಲದರಲ್ಲೂ ಇದೇ ಜೋಡಿಯಿದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅವರ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಸಂಸ್ಕರಿಸದ ಆಹಾರ ಕೊಟ್ಟರು. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ನಾರಿನ ಪ್ರಮಾಣ ಎರಡರಲ್ಲೂ ಒಂದೇ. ಎಷ್ಟು ಬೇಕಾದರೂ ತಿನ್ನಿ ಎಂದಿದ್ದರು. ಸಂಸ್ಕರಿಸಿದ ಆಹಾರ ಸಿಕ್ಕಾಗ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು, ಎರಡು ವಾರದಲ್ಲಿ ಸರಾಸರಿ 900 ಗ್ರಾಂ ಏರಿದರು. ಈ ಜನರಿಗೆ ಚಟವೇನೂ ಇರಲಿಲ್ಲ. ಮನೋಬಲ ಎರಡೂ ಪಾಳಿಯಲ್ಲಿ ಅವರದೇ. ಬದಲಾದದ್ದು ತಟ್ಟೆಯಲ್ಲಿದ್ದದ್ದು.

ಚಟ ಎಂಬುದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ, ಅವರ ವಾದ ಹಗುರದ್ದಲ್ಲ. ಹೆಂಡದಲ್ಲಿ ಆಲ್ಕೊಹಾಲ್ ಇದ್ದಂತೆ, ಬೀಡಿಯಲ್ಲಿ ನಿಕೊಟಿನ್ ಇದ್ದಂತೆ ತಿಂಡಿಯಲ್ಲಿ ಇಂಥದ್ದೇ ರಾಸಾಯನಿಕ ಎಂದು ಬೆರಳಿಟ್ಟು ತೋರಿಸಲು ಈವರೆಗೆ ಆಗಿಲ್ಲ. ಚಟವಿರುವುದು ತಿಂಡಿಗಲ್ಲ, ತಿನ್ನುವ ವರ್ತನೆಗೆ ಎಂದು ಕೆಲವರು ಹೇಳುತ್ತಾರೆ. ತಿನ್ನುವ ಕಾಯಿಲೆಗಳಿಗೆ ಚಿಕಿತ್ಸೆ ಕೊಡುವವರ ಆತಂಕ ಬೇರೆ. ಇದನ್ನು ಮುಟ್ಟಲೇಬಾರದು, ಅದನ್ನು ನೋಡಲೇಬಾರದು ಎಂಬ ಕಟ್ಟುಪಾಡು ಬಿಗಿಯಾದಷ್ಟೂ, ಅದು ಮುರಿದ ದಿನ ತಿನ್ನುವುದು ಮುಗಿಲು ಮುಟ್ಟುತ್ತದೆ. ಹಗಲೆಲ್ಲ ಉಪವಾಸವಿದ್ದು ರಾತ್ರಿ ಸಿಕ್ಕಿದ್ದನ್ನೆಲ್ಲ ತಿನ್ನುವವರನ್ನು ಕಂಡವರಿಗೆ ಇದು ಗೊತ್ತಿರುತ್ತದೆ. ಈ ತೊಂದರೆ ಇರುವವರು ತೂಕಕ್ಕಾಗಿ ಏಕಾದಶಿ, ಸಂಕಷ್ಟಿ, ಸೋಮವಾರ ಎಂದು ಉಪವಾಸಗಳನ್ನು ಪೇರಿಸಿಕೊಳ್ಳುವುದು ಅಪಾಯ ಎಂದು ನಾನು ನಂಬುತ್ತೇನೆ. ವ್ರತ ದೇವರಿಗಾಗಿ ಇರಲಿ, ಅದನ್ನು ಡಯಟ್ ಮಾಡಿಕೊಳ್ಳುವುದು ಬೇಡ.

ವಾದ ಏನೇ ಇರಲಿ, ಒಂದು ಕಷ್ಟ ಎಲ್ಲರಿಗೂ ಎದುರಾಗುತ್ತದೆ. ಕುಡಿತ ಬಿಟ್ಟವರು ಮದ್ಯದಂಗಡಿ ಇರುವ ಬೀದಿಯನ್ನೇ ತಪ್ಪಿಸಿಕೊಂಡು ಬದುಕಬಹುದು. ತಿನ್ನುವ ಚಟದವರು ಅದೇ ಬೀದಿಗೆ ದಿನಕ್ಕೆ ಮೂರು ಸಲ ಹೋಗಿ, ಬೇಕಾದಷ್ಟು ಮಾತ್ರ ತಂದು, ಬಾಗಿಲು ಹಾಕಿಕೊಳ್ಳಬೇಕು. ಹೀಗಾಗಿ ಓವರ್‌ಈಟರ್ಸ್ ಅನಾನಿಮಸ್‌ನಲ್ಲಿ ಏನನ್ನು ಬಿಡುವುದೆಂಬುದನ್ನು ಒಬ್ಬೊಬ್ಬರೂ ತಮಗೆ ತಾವೇ ಗೊತ್ತುಮಾಡಿಕೊಳ್ಳುತ್ತಾರೆ. ಒಬ್ಬರು ಊಟದ ನಡುವೆ ಏನನ್ನೂ ಬಾಯಿಗೆ ಹಾಕದಿರಬಹುದು, ಇನ್ನೊಬ್ಬರು ಸಿಹಿಯನ್ನಷ್ಟೇ ಬಿಡಬಹುದು. ಇದರಿಂದ ಬೇರೆಯಾಗಿ ಬೆಳೆದ ಫುಡ್ ಅಡಿಕ್ಟ್ಸ್ ಇನ್ ರಿಕವರಿ ಅನಾನಿಮಸ್ ಎಂಬ ಗುಂಪು ಕಟ್ಟುನಿಟ್ಟಿನದು. ಅಲ್ಲಿ ಸಕ್ಕರೆ ಇಲ್ಲ, ಹಿಟ್ಟಿನ ಪದಾರ್ಥ ಇಲ್ಲ, ಮೂರು ಹೊತ್ತಿನ ಊಟವನ್ನೂ ತೂಗಿಯೇ ಬಡಿಸಿಕೊಳ್ಳಬೇಕು. ಅದರಿಂದ ಬದುಕು ಉಳಿಯಿತೆನ್ನುವವರಿದ್ದಾರೆ. ಊಟದ ಜೊತೆ ಭಯದ ಸಂಬಂಧ ಇರುವವರಿಗೆ ಅದೇ ಕಟ್ಟುನಿಟ್ಟು ಹೊಸ ರೋಗವಾಗಬಹುದು.

ಗುಂಪು ನಿಜಕ್ಕೂ ಏನು ಮಾಡುತ್ತದೆ

ತೂಕ ಇಳಿಸುವ ಗುಂಪುಗಳ ಬಗ್ಗೆ ಗಟ್ಟಿ ಪುರಾವೆ ಇದೆ. ಇಂಗ್ಲೆಂಡಿನಲ್ಲಿ 1,267 ಜನರ ಮೇಲೆ ನಡೆದು 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬರೀ ಪುಸ್ತಿಕೆ-ಸಲಹೆ ಪಡೆದವರು ವರ್ಷದ ಕೊನೆಗೆ ಸರಾಸರಿ 3.26 ಕಿಲೊ ಇಳಿದಿದ್ದರು. 12 ವಾರ ವೇಟ್ ವಾಚರ್ಸ್ ಗುಂಪಿಗೆ ಹೋದವರು 4.75 ಕಿಲೊ, 52 ವಾರ ಹೋದವರು 6.76 ಕಿಲೊ. ಎರಡನೆಯ ವರ್ಷಕ್ಕೆ ಎಲ್ಲರೂ ಸ್ವಲ್ಪ ಸ್ವಲ್ಪ ಮತ್ತೆ ಏರಿದರು, ಆದರೂ ವರ್ಷವಿಡೀ ಹೋದವರೇ ಮುಂದಿದ್ದರು. ಗುಂಪಿನ ಗುಣ ಇರುವುದು ಅದರ ಅವಧಿಯಲ್ಲಿ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಹನ್ನೆರಡು ವಾರದ ಉತ್ಸಾಹ ಒಳ್ಳೆಯದೇ, ಆದರೆ ಮುಂದಿನ ನಲವತ್ತು ವಾರ ಬಂದು ಕೂತದ್ದಕ್ಕೆ ಹೆಚ್ಚಿನ ಫಲ ಸಿಕ್ಕಿದೆ.

ಇನ್ನೊಂದು ಅಧ್ಯಯನ 1999ರದು. ರೀನಾ ವಿಂಗ್ ಮತ್ತು ರಾಬರ್ಟ್ ಜೆಫ್ರಿ ಕೆಲವರನ್ನು ಒಬ್ಬೊಬ್ಬರಾಗಿ, ಕೆಲವರನ್ನು ಸ್ನೇಹಿತರೊಂದಿಗೆ ತೂಕ ಇಳಿಸುವ ತರಬೇತಿಗೆ ಸೇರಿಸಿಕೊಂಡರು. ಒಬ್ಬರೇ ಬಂದವರಲ್ಲಿ ನೂರಕ್ಕೆ 24 ಜನ ಮಾತ್ರ ನಾಲ್ಕು ತಿಂಗಳಲ್ಲಿ ಇಳಿಸಿದ ತೂಕವನ್ನು ಹತ್ತನೆಯ ತಿಂಗಳವರೆಗೆ ಪೂರ್ತಿ ಕಾಪಾಡಿಕೊಂಡರು. ಸ್ನೇಹಿತರೊಂದಿಗೆ ಬಂದು, ಗುಂಪಿನ ಬೆಂಬಲದ ತರಬೇತಿಯನ್ನೂ ಪಡೆದವರಲ್ಲಿ ಈ ಪ್ರಮಾಣ ನೂರಕ್ಕೆ 66. ಒಬ್ಬರೊಂದಿಗೇ ಮಾತಾಡುವ ಚಿಕಿತ್ಸೆ ಇಷ್ಟವೆಂದವರನ್ನೂ ಗುಂಪಿಗೆ ಹಾಕಿದಾಗ, ಒಂಟಿ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಇಳಿದರೆಂದು 2001ರ ಇನ್ನೊಂದು ಅಧ್ಯಯನ ತೋರಿಸಿತು.

ಇನ್ನು ಎರಡನೆಯ ಬಗೆ. ಡೆನಿಸ್ ವಿಲ್ಫ್ಲಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಂಜ್ ಈಟಿಂಗ್ ಇರುವ, ತೂಕವೂ ಹೆಚ್ಚಿದ್ದ 162 ಜನ ಇದ್ದರು. ಅರ್ಧದಷ್ಟು ಜನರಿಗೆ ಯೋಚನೆ-ವರ್ತನೆಗಳನ್ನು ತಿದ್ದುವ ಗುಂಪು ಚಿಕಿತ್ಸೆ. ಉಳಿದರ್ಧಕ್ಕೆ ಮನುಷ್ಯಸಂಬಂಧಗಳ ಬಗ್ಗೆ ಮಾತ್ರ ಮಾತಾಡುವ ಗುಂಪು ಚಿಕಿತ್ಸೆ; ಅಲ್ಲಿ ಮಾತು ಊಟದ ಬಗ್ಗೆ ಅಲ್ಲ, ಜಗಳ, ಒಂಟಿತನ, ತೀರಿಹೋದವರು, ಮನೆಯ ಬಿರುಕುಗಳ ಬಗ್ಗೆ. ಇಪ್ಪತ್ತು ವಾರ ಮುಗಿದಾಗ ಮೊದಲ ಗುಂಪಿನಲ್ಲಿ ನೂರಕ್ಕೆ 79, ಎರಡನೆಯದರಲ್ಲಿ 73 ಜನ ಹಾಗೆ ತಿನ್ನುವುದನ್ನು ನಿಲ್ಲಿಸಿದ್ದರು. ವರ್ಷದ ನಂತರ ಎರಡರಲ್ಲೂ ನೂರಕ್ಕೆ ಸುಮಾರು 60 ಜನ. ಊಟದ ಮಾತೇ ಎತ್ತದ ಗುಂಪು ಊಟದ ಕಾಯಿಲೆಯನ್ನು ಅಷ್ಟೇ ಚೆನ್ನಾಗಿ ವಾಸಿಮಾಡಿತು ಎಂಬುದು ಈ ವಿಷಯದಲ್ಲಿ ನಾನು ಓದಿದ ಅತ್ಯಂತ ಮಹತ್ವದ ಸಂಗತಿ.

ಆದರೆ ಅವರ ತೂಕ? ಇಳಿದದ್ದು ತೀರ ಸ್ವಲ್ಪ. ತಿನ್ನುವ ಹುಚ್ಚು ನಿಂತವರಲ್ಲಿ ಅದು ತುಸು ಹೆಚ್ಚು, ಅಷ್ಟೆ. ತೂಕದ ಯಂತ್ರವನ್ನೇ ಕೇಳಿದರೆ ಈ ಚಿಕಿತ್ಸೆ ಹೆಚ್ಚೇನೂ ಮಾಡಲಿಲ್ಲ ಅನ್ನುತ್ತದೆ. ರಾತ್ರಿ ಎದ್ದು ಅಡುಗೆಮನೆಯ ದೀಪ ಹಾಕದೆ ತಿನ್ನುತ್ತಿದ್ದ ಮನುಷ್ಯರಿಗೆ ಕೇಳಿದರೆ ಬದುಕೇ ವಾಪಸ್ಸು ಬಂತು ಅನ್ನುತ್ತಾರೆ. ಎರಡು ಗುಂಪುಗಳ ಕೆಲಸ ಬೇರೆ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಮೊದಲು ಹಿಡಿತ ಸಡಿಲವಾಗಬೇಕು, ತೂಕದ ಲೆಕ್ಕ ಆಮೇಲೆ. ಈ ಅನುಕ್ರಮವನ್ನು ತಿರುಗಿಸಿದಾಗಲೇ ಜನ ಮುರಿದುಹೋಗುವುದು.

ಹನ್ನೆರಡು ಹೆಜ್ಜೆಯ ಗುಂಪುಗಳ ಬಗ್ಗೆ ಹೇಳುವಾಗ ಎಚ್ಚರ ಬೇಕು. ಕುಡಿತದ ವಿಷಯದಲ್ಲಿ, ಚಿಕಿತ್ಸೆಗಳ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2020ರ ಪರಿಶೀಲನೆ 27 ಅಧ್ಯಯನಗಳನ್ನು ನೋಡಿ, ಇಂಥ ಗುಂಪುಗಳು ಕುಡಿತದಿಂದ ದೂರ ಉಳಿಯಲು ಬೇರೆ ಚಿಕಿತ್ಸೆಗಳಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ನೆರವಾಗುತ್ತವೆ ಎಂದಿತು. ಊಟದ ವಿಷಯದಲ್ಲಿ ಅಷ್ಟು ಗಟ್ಟಿ ಪುರಾವೆ ಇಲ್ಲ. ಇರುವುದರಲ್ಲಿ ಹೆಚ್ಚಿನದು ಗುಂಪಿನಲ್ಲಿ ಉಳಿದವರು ಹೇಳಿದ್ದು, ಬಿಟ್ಟು ಹೋದವರ ಮಾತು ಅದರಲ್ಲಿ ಸೇರುವುದಿಲ್ಲ. ತನ್ನ ಶಕ್ತಿ ಮೀರಿದ್ದು ಎಂದು ಒಪ್ಪಿ, ತನಗಿಂತ ದೊಡ್ಡ ಶಕ್ತಿಯೊಂದಕ್ಕೆ ಒಪ್ಪಿಸಿಕೊಳ್ಳುವ ಭಾಷೆ ಕೆಲವರಿಗೆ ನೆಮ್ಮದಿ ಕೊಡುತ್ತದೆ, ದೇವರನ್ನು ನಂಬದವರಿಗೆ ಬಾಗಿಲಲ್ಲೇ ತಡೆಯಾಗುತ್ತದೆ. ಹಾಗಿದ್ದೂ ಫೋನ್ ಮಾಡಿದರೆ ಎತ್ತುವ ಒಬ್ಬರು ಇದ್ದಾರೆ ಎಂಬುದನ್ನು ಯಾವ ಆ್ಯಪ್ ಕೂಡ ಕೊಡಲಾರದು.

ನಮ್ಮಲ್ಲಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ತೂಕ ಮಿತಿ ಮೀರಿದ ಹೆಂಗಸರ ಪ್ರಮಾಣ 2015-16ರಲ್ಲಿ ನೂರಕ್ಕೆ 23.3 ಇದ್ದದ್ದು 2019-21ರಲ್ಲಿ 30.1ಕ್ಕೆ ಏರಿತು. ಗಂಡಸರಲ್ಲಿ 22.1ರಿಂದ 30.9ಕ್ಕೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದಿತು. ಇವರಲ್ಲಿ ಎಷ್ಟು ಜನರಿಗೆ ತಿನ್ನುವ ಚಟದ ತೊಂದರೆಯಿದೆ ಎಂದು ಯಾರೂ ಕೇಳುವುದಿಲ್ಲ, ಡಾಕ್ಟರ ಕೋಣೆಯಲ್ಲೂ ಕೇಳುವುದಿಲ್ಲ. ಬಾಯಿ ಕಟ್ಟಿ, ದಿನಾ ನಡೀರಿ ಎಂದು ಹೇಳಿ ಕಳುಹಿಸುತ್ತಾರೆ.

ನೆರೆಯ ಕೇರಳದಲ್ಲಿ ದೊಡ್ಡ ಪ್ರಯತ್ನವೊಂದು ನಡೆದಿದೆ. ತಿರುವನಂತಪುರ ಜಿಲ್ಲೆಯಲ್ಲಿ ಮಧುಮೇಹ ಬರುವ ಸಂಭವ ಹೆಚ್ಚಿದ್ದ 1,007 ಜನರನ್ನು 60 ಮತಗಟ್ಟೆ ಪ್ರದೇಶಗಳಿಂದ ಆರಿಸಿ, ಅರ್ಧ ಪ್ರದೇಶಗಳಲ್ಲಿ ನೆರೆಹೊರೆಯವರದೇ ಗುಂಪುಗಳನ್ನು ಕಟ್ಟಿದರು. ಗುಂಪು ನಡೆಸಲು ಡಾಕ್ಟರು ಬರಲಿಲ್ಲ, ಸದಸ್ಯರಲ್ಲೇ ಕೆಲವರಿಗೆ ತರಬೇತಿ ಕೊಟ್ಟರು. 2018ರಲ್ಲಿ ಬಂದ ಫಲಿತಾಂಶದಲ್ಲಿ, ಎರಡು ವರ್ಷದಲ್ಲಿ ಗುಂಪಿನಲ್ಲಿದ್ದವರಲ್ಲಿ ನೂರಕ್ಕೆ 14.9, ಇಲ್ಲದವರಲ್ಲಿ 17.1 ಜನರಿಗೆ ಮಧುಮೇಹ ಬಂದಿತ್ತು. ಈ ಅಂತರ ಆಕಸ್ಮಿಕವಲ್ಲ ಎಂದು ಸಂಖ್ಯಾಶಾಸ್ತ್ರದ ಪ್ರಕಾರ ಹೇಳುವಂತಿರಲಿಲ್ಲ. ಹಣ್ಣು-ತರಕಾರಿ ತಿನ್ನುವುದು, ದೇಹದ ಚಟುವಟಿಕೆಯ ಸಾಮರ್ಥ್ಯ ಇವು ಸುಧಾರಿಸಿದ್ದವು. ನೆರೆಹೊರೆಯ ಗುಂಪಿಗೆ ಎಷ್ಟು ಸಾಧ್ಯ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಈ ಅಧ್ಯಯನ ಪ್ರಾಮಾಣಿಕವಾಗಿ ತೋರಿಸಿದೆ.

ಕರ್ನಾಟಕಕ್ಕೆ ವಾರಕ್ಕೊಮ್ಮೆ ಸೇರುವುದು ಹೊಸತಲ್ಲ. ಸ್ತ್ರೀಶಕ್ತಿ ಸಂಘಗಳು ಎರಡು ದಶಕ ದಾಟಿವೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರು ಊರಿಗೆ ಮರಳಿದ ಮೇಲೆ ನವಜೀವನ ಸಮಿತಿಗಳಾಗಿ ಸೇರುತ್ತಾರೆ. ಶಿಬಿರ ಮುಗಿದ ಮೇಲೆಯೇ ನಿಜವಾದ ಕಷ್ಟ ಶುರು ಎಂದು ಅರಿತು ಮಾಡಿದ ಏರ್ಪಾಡು ಅದು. ಕುಡಿತಕ್ಕೆ ಇದು ಬೇಕೆಂದು ಹಳ್ಳಿ ಹಳ್ಳಿಗೂ ಗೊತ್ತಿದೆ. ತಿನ್ನುವ ಹಿಡಿತಕ್ಕೂ ಬೇಕೆಂದು ಪಟ್ಟಣದವರಿಗೂ ಇನ್ನೂ ಹೊಳೆದಿಲ್ಲ.

ಹೊಳೆಯದಿರಲು ಕಾರಣವಿದೆ. ಕುಡಿಯುವವನನ್ನು ಬೈಯುವ ಮನೆಯೇ ತಿನ್ನುವವರಿಗೆ ಇನ್ನೊಂದು ಹೋಳಿಗೆ ಬಡಿಸುತ್ತದೆ. ಬೇಡವೆಂದರೆ ಬಡಿಸಿದವರಿಗೆ ಬೇಸರ, ಹಾಕಿಸಿಕೊಂಡರೆ ಅದೇ ಪಂಕ್ತಿಯಲ್ಲಿ ಕೂತವರು ಏನಮ್ಮ, ಮೈ ಬಂದುಬಿಟ್ಟಿದೆಯಲ್ಲ ಅನ್ನುತ್ತಾರೆ. ಎರಡನ್ನೂ ಪ್ರೀತಿಯಿಂದಲೇ ಮಾಡುತ್ತಾರೆ ಎಂಬುದು ನಿಜ. ಹೆಂಗಸರ ಪಾಡು ಇನ್ನೂ ಬೇರೆ. ಎಲ್ಲರದೂ ಆದಮೇಲೆ ಉಣ್ಣುವುದು, ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ಎಸೆಯಲು ಮನಸ್ಸು ಬಾರದೆ ಬಾಯಿಗೆ ಹಾಕಿಕೊಳ್ಳುವುದು, ಒಲೆ ಮುಂದೆ ನಿಂತೇ ತಿನ್ನುವುದು. ಎಷ್ಟು ತಿಂದೆ ಎಂಬ ಲೆಕ್ಕವೇ ಸಿಗದ ಊಟ ಅದು. ಡಯಟ್ ಚಾರ್ಟ್ ಬರೆಯುವವರು ಈ ಊಟವನ್ನು ಕಂಡೇ ಇರುವುದಿಲ್ಲ.

ಈ ಖಾಲಿ ಜಾಗವನ್ನು ಈಗ ವಾಟ್ಸ್ಯಾಪ್‌ನ 21 ದಿನ, 90 ದಿನಗಳ ಚಾಲೆಂಜ್ ಗುಂಪುಗಳು ತುಂಬುತ್ತಿವೆ. ಬೆಳಿಗ್ಗೆ ತೂಕದ ಫೋಟೊ, ಮಧ್ಯಾಹ್ನ ತಟ್ಟೆಯ ಫೋಟೊ, ವಾರದ ಕೊನೆಗೆ ಹೆಚ್ಚು ಇಳಿದವರಿಗೆ ಬಹುಮಾನ. ಆರೋಗ್ಯವಾಗಿ ಇದ್ದು ನಾಲ್ಕು ಕಿಲೊ ಇಳಿಸಬೇಕೆಂದವರಿಗೆ ಇದು ಹುರುಪು ಕೊಡಬಹುದು. ತಿನ್ನುವ ಚಟ ಇರುವವರಿಗೆ ಇದು ನೇರ ಹಾನಿ. ಅವರು ತಟ್ಟೆಯ ಫೋಟೊ ಕಳಿಸುತ್ತಾರೆ, ರಾತ್ರಿಯ ಊಟವನ್ನು ಕಳಿಸುವುದಿಲ್ಲ. ತೂಕ ಏರಿದ ವಾರ ಸುಮ್ಮನಾಗುತ್ತಾರೆ, ಮುಂದಿನ ವಾರ ಗುಂಪು ಬಿಡುತ್ತಾರೆ. ಗುಂಪು ಎಂಬುದು ಹುಟ್ಟಿದ್ದೇ ಬಚ್ಚಿಡುವುದನ್ನು ಮುಗಿಸಲು. ಈ ಗುಂಪುಗಳು ಬಚ್ಚಿಡುವುದನ್ನೇ ಕಲಿಸುತ್ತಿವೆ.

ಚುಚ್ಚುಮದ್ದಿಗೆ ಬರೋಣ. ವೆಗೋವಿಯಲ್ಲಿರುವ ಸೆಮಗ್ಲುಟೈಡ್ ಕೊಟ್ಟ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ನೂರಕ್ಕೆ 14.9ರಷ್ಟು ತೂಕ ಇಳಿಯಿತು. ಯಾವ ಸಭೆಯೂ ಇಷ್ಟು ಇಳಿಸಿಲ್ಲ. ತಲೆಯೊಳಗೆ ಸದಾ ನಡೆಯುತ್ತಿದ್ದ ತಿಂಡಿಯ ಗದ್ದಲ ನಿಂತುಹೋಯಿತು ಎಂದು ಅದನ್ನು ತೆಗೆದುಕೊಂಡವರು ಹೇಳುವ ಮಾತು ಎಷ್ಟೋ ಜನರಿಗೆ ತಮ್ಮ ಕಷ್ಟ ಸೋಮಾರಿತನವಾಗಿರಲಿಲ್ಲ ಎಂಬ ಬಿಡುಗಡೆ ಕೊಟ್ಟಿದೆ. ಇದನ್ನು ಸ್ವಾಗತಿಸಬೇಕು. ಆದರೆ ಔಷಧಿ ನಿಲ್ಲಿಸಿದ ಒಂದು ವರ್ಷದಲ್ಲಿ ಅವರು ಇಳಿಸಿದ್ದರಲ್ಲಿ ಮೂರನೆಯ ಎರಡು ಪಾಲು ಮತ್ತೆ ಏರಿತು. ನಮ್ಮಲ್ಲಿ ವಿಮೆ ಇದಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ, ಕೈಯಿಂದಲೇ ಕೊಡಬೇಕು. ಹಣ ಮುಗಿದಾಗಲೋ ಅಡ್ಡಪರಿಣಾಮ ತಾಳದಾದಾಗಲೋ ನಡುವೆ ನಿಲ್ಲಿಸುವವರು ಇದ್ದೇ ಇರುತ್ತಾರೆ. ಹಸಿವು ಹಿಂದಿರುಗುವ ಆ ತಿಂಗಳುಗಳಲ್ಲಿ ಅವರು ಯಾರ ಹತ್ತಿರ ಹೋಗಬೇಕು?

ಇಂಜೆಕ್ಷನ್ ಬರೆಯುವ ಡಾಕ್ಟರು ಮೊದಲ ದಿನವೇ ಒಂದು ಪ್ರಶ್ನೆ ಕೇಳಲಿ: ಯಾರಿಗೂ ಕಾಣದಂತೆ ತಿನ್ನುವುದುಂಟೇ, ನಿಲ್ಲಿಸಲಾಗದೆ ತಿನ್ನುವುದುಂಟೇ? ಹೌದೆಂದವರನ್ನು ಮನೋವೈದ್ಯರಿಗೋ ಕ್ಲಿನಿಕಲ್ ಸೈಕಾಲಜಿಸ್ಟ್‌ಗೋ ತೋರಿಸಬೇಕು. ಎಲ್ಲಿ ಕೇಳಬೇಕೆಂದು ತಿಳಿಯದವರಿಗೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ತಿಂದು ಬೇಕೆಂದೇ ವಾಂತಿ ಮಾಡುವವರು, ಇನ್ಸುಲಿನ್ ತೆಗೆದುಕೊಳ್ಳುವವರು, ಬದುಕೇ ಬೇಡವೆನ್ನಿಸುವಷ್ಟು ಮನಸ್ಸು ಕುಸಿದವರು ಗುಂಪಿಗಿಂತ ಮೊದಲು ಡಾಕ್ಟರನ್ನು ಕಾಣಬೇಕು.

ಗುಂಪು ಕಟ್ಟುವುದಾದರೆ ಅದಕ್ಕೆ ದೊಡ್ಡ ಸಂಸ್ಥೆ ಬೇಕಿಲ್ಲ. ಎಂಟು-ಹತ್ತು ಜನ, ವಾರದಲ್ಲಿ ಒಂದೇ ದಿನ, ಒಂದೇ ಹೊತ್ತು, ಒಂದೇ ಜಾಗ. ಚಿಕ್ಕ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರುವುದರಿಂದ ಪಕ್ಕದ ಊರಿನವರೊಂದಿಗೆ ಸೇರುವುದು ಅಥವಾ ಫೋನಿನಲ್ಲೇ ಮಾತಿನ ಸಭೆ ನಡೆಸುವುದು ಮೇಲು; ಗುಟ್ಟು ಉಳಿಯದಿದ್ದರೆ ಎರಡನೆಯ ವಾರ ಯಾರೂ ಬಾಯಿ ಬಿಡುವುದಿಲ್ಲ. ತೂಕ ನೋಡುವವರು ಮನೆಯಲ್ಲಿ ನೋಡಿಕೊಳ್ಳಲಿ. ಒಬ್ಬರು ಮಾತಾಡುವಾಗ ಉಳಿದವರು ಮೆಂತ್ಯದ ನೀರು, ಸಿರಿಧಾನ್ಯ ಎಂದು ಉಪದೇಶಕ್ಕೆ ಇಳಿಯಬಾರದು, ಕೇಳಬೇಕು. ಗಂಡಸರೂ ಬರಬೇಕು, ತೂಕದ ಅಂಕಿಗಳ ಪ್ರಕಾರ ಅವರ ಪಾಲು ಹೆಂಗಸರಷ್ಟೇ ಇದೆ, ಬಾಯಿ ಬಿಡುವವರು ಮಾತ್ರ ಕಡಿಮೆ. ತೂಕ ಇಳಿದವರು ಗುಂಪು ಬಿಟ್ಟು ಹೋಗದೆ ಹೊಸಬರ ಜೊತೆಗೆ ನಿಲ್ಲಬೇಕು, ಅದರಿಂದ ಇಬ್ಬರಿಗೂ ಲಾಭ. ಮತ್ತೆ ಏರಿದವರು ಬಂದರೆ ಯಾರೂ ಏನಾಯಿತೆಂದು ಮುಖ ನೋಡಬಾರದು, ಕುರ್ಚಿ ಎಳೆದು ಕೂರಿಸಬೇಕು. ಗೌರಿ-ಗಣೇಶದಿಂದ ದೀಪಾವಳಿವರೆಗಿನ ತಿಂಗಳುಗಳಲ್ಲಿ ಹಬ್ಬವೆಂದು ಸಭೆಗೆ ರಜೆ ಕೊಡದಿರುವುದು ಒಳ್ಳೆಯದು. ಮನೆ ತುಂಬ ಸಿಹಿ ಇರುವ, ನೆಂಟರ ಕಣ್ಣೆಲ್ಲ ಮೈ ಮೇಲಿರುವ ಆ ವಾರಗಳಲ್ಲೇ ಅದರ ಅಗತ್ಯ ಎಲ್ಲಕ್ಕಿಂತ ಹೆಚ್ಚು.